ದಿನಕ್ಕೆ ನಾಲ್ಕು ಅಧ್ಯಾಯ ಓದುತ್ತಿದ್ದ ಟೀಚರ್

ಇವರನ್ನು ಸುಶೀಲಾ ಅಂತ ಕರೆಯೋಣ. ಹೆಸರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವಯಸ್ಸು ನಲವತ್ತು ದಾಟಿದೆ. ಧಾರವಾಡದ ಕಡೆಯವರು, ಪ್ರಾಥಮಿಕ ಶಾಲೆಯ ಟೀಚರ್. ಗಂಡ ಬಸ್ ಕಂಡಕ್ಟರ್, ಮಗಳು ಹತ್ತನೇ ಕ್ಲಾಸು. ಭಾನುವಾರ ಸಭೆಯ (ಚರ್ಚಿನ) ಮಕ್ಕಳಿಗೆ ಪಾಠ ಹೇಳುತ್ತಾರೆ, ಬೈಬಲ್ ಕ್ವಿಜ್‌ಗೆ ತಯಾರಿ ಮಾಡಿಸುತ್ತಾರೆ. ಮೆತೂಷೆಲಹ ಎಷ್ಟು ವರ್ಷ ಬದುಕಿದ? 969. ಎಲ್ಲಕ್ಕಿಂತ ಉದ್ದದ ಕೀರ್ತನೆ ಯಾವುದು? 119, ಅದರಲ್ಲಿ 176 ವಚನ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಹೇಳುವವರು.

ನನ್ನ ಹತ್ತಿರ ಸಲಹೆಗೆ ಬಂದ ದಿನ ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು: "ಅಕ್ಕಾರ, ದಿನಾ ಓದ್ತೀನ್ರಿ. ನಾಲ್ಕು ಅಧ್ಯಾಯ, ತಪ್ಸಂಗಿಲ್ಲ. ಆದ್ರ ದೇವರ ಮ್ಯಾಲೆ ನನಗ ಪ್ರೀತಿ ಅದನೋ ಇಲ್ಲೋ ಅನ್ನೂದ ಗೊತ್ತಾಗವಲ್ದು."

ಹಿಂದಿನ ಭಾನುವಾರ ಪ್ರಸಂಗದಲ್ಲಿ ಬೈಬಲಿನ ಕೊನೆಯದಾದ ಪ್ರಕಟನೆ ಪುಸ್ತಕದ ಎರಡನೇ ಅಧ್ಯಾಯ ಬಂದಿತ್ತಂತೆ. ಎಫೆಸದ ಸಭೆಗೆ ಬರೆದ ಪತ್ರ, ಮೊದಲಿದ್ದ ಪ್ರೀತಿಯನ್ನು ನೀನು ಬಿಟ್ಟುಬಿಟ್ಟೆ ಎಂಬ ಮಾತು. ಅವತ್ತು ಮನೆಗೆ ಬಂದವರು ಊಟ ಮಾಡಲಿಲ್ಲ. ಮಾರನೇ ದಿನದಿಂದ ನಾಲ್ಕು ಅಧ್ಯಾಯ ಆರಾಯಿತು.

ಇಂಥ ದೂರು ತಂದವರ ನಿದ್ದೆ, ಹಸಿವು, ಕೆಲಸದ ಬಗ್ಗೆ ನಾನು ಮೊದಲು ಕೇಳಿಯೇ ಕೇಳುತ್ತೇನೆ. ದೇವರೊಂದೇ ಅಲ್ಲ, ಮಗಳ ನಗು, ಇಷ್ಟದ ಅಡುಗೆ, ಗೆಳತಿಯ ಮಾತು ಯಾವುದೂ ಬೇಡವೆನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಆಗ ಡಾಕ್ಟರ್ ಹತ್ತಿರ ಕಳಿಸಬೇಕು, ವಚನ ಕೊಟ್ಟು ಕಳಿಸಿದರೆ ಆಗುವುದಿಲ್ಲ. ಸುಶೀಲಾ ಚೆನ್ನಾಗಿ ಮಲಗುತ್ತಿದ್ದರು, ಶಾಲೆಯಲ್ಲಿ ಮಕ್ಕಳ ಜೊತೆ ನಗುತ್ತಿದ್ದರು. ಪೂರ್ತಿ ಒಣಗಿದ್ದು ಬೆಳಗಿನ ಆ ಒಂದು ಗಂಟೆ ಮಾತ್ರ.

ಎರಡನೇ ಸಲ ಬಂದಾಗ ಅವರು ಓದಿನ ನೋಟ್‌ಬುಕ್ ತಂದರು. ಗೆರೆ ಎಳೆದ ಕಾಲಂಗಳು: ತಾರೀಖು, ಪುಸ್ತಕ, ಅಧ್ಯಾಯ, ಕೊನೆಯಲ್ಲಿ ಕೆಂಪು ಪೆನ್ನಿನ ಟಿಕ್. ಜ್ವರ ಬಂದ ದಿನಕ್ಕೆ ನೀಲಿ ಚುಕ್ಕೆ, ಆ ಬಾಕಿಯನ್ನು ಶನಿವಾರ ತೀರಿಸಿದ್ದಕ್ಕೆ ಪಕ್ಕದಲ್ಲೇ ಇನ್ನೊಂದು ಟಿಕ್. ಪುಟ ತಿರುವುತ್ತಾ ಹೋದೆ. ಓದಿದ್ದರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಗಂಡನೂ ಅವತ್ತು ಜೊತೆಗಿದ್ದರು. ಸುಮ್ಮನೆ ಕೂತಿದ್ದವರು ನಡುವೆ ಬಾಯಿ ಹಾಕಿದರು: "ಮೇಡಂ, ಈಕಿ ಬೈಬಲ್ ಓದಾಗ ಚಾ ಐತೇನ ಅಂತ ಕೇಳಿದ್ರೂ ಸಿಟ್ಟ ಬರ್ತದ. ಓದಿ ಎದ್ದ ಮ್ಯಾಲೆ ಅರ್ಧಾ ತಾಸು ನಾವ್ಯಾರೂ ಎದುರಿಗೆ ಹೋಗಂಗಿಲ್ಲ." ಸುಶೀಲಾಗೆ ನಾಚಿಕೆಯಾಯಿತು. ನನಗೆ ಮಾತ್ರ ಇದು ನೋಟ್‌ಬುಕ್‌ಗಿಂತ ಜಾಸ್ತಿ ಹೇಳಿತು.

ಅವರು ಹಿಡಿದಿದ್ದ ಓದಿನ ಪಟ್ಟಿ ಹಳೆಯದು. ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರಲ್ಲಿ ತನ್ನ ಸಭೆಯವರಿಗಾಗಿ ಮಾಡಿದ್ದು. ವರ್ಷದಲ್ಲಿ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ, ಉಳಿದದ್ದು ಒಂದು ಸಲ. ದಿನಕ್ಕೆ ನಾಲ್ಕು ಅಧ್ಯಾಯ. ಇಂದಿಗೂ ಬಹಳ ಜನ ಬಳಸುತ್ತಾರೆ, ನಾನೂ ಕೆಲವರಿಗೆ ಕೊಟ್ಟಿದ್ದೇನೆ. ಪಟ್ಟಿಯ ಜೊತೆ ಆತ ಕೆಲವು ಎಚ್ಚರಿಕೆಗಳನ್ನೂ ಬರೆದಿದ್ದ: ಓದು ಬರೀ ಪದ್ಧತಿಯಾಗಬಹುದು, ಓದಿದ್ದೇ ದೊಡ್ಡಸ್ತಿಕೆಯಾಗಬಹುದು, ಗಮನವಿಲ್ಲದೆ ಕಣ್ಣಾಡಿಸಿ ಮುಗಿಸಬಹುದು, ಕೆಲವರಿಗೆ ಹೊರಲಾಗದ ನೊಗವಾಗಬಹುದು. ಸುಶೀಲಾಗೆ ಯಾರೋ ಕಳಿಸಿದ ಪಿಡಿಎಫ್‌ನಲ್ಲಿ ಇದ್ದದ್ದು ಪಟ್ಟಿ ಮಾತ್ರ. ಎಚ್ಚರಿಕೆಯ ಪುಟ ಇರಲೇ ಇಲ್ಲ.

ಎಫೆಸದ ಪತ್ರವನ್ನು ಇಬ್ಬರೂ ಸೇರಿ ಮೊದಲಿನಿಂದ ಓದಿದೆವು. ಆ ಸಭೆಯವರು ಸೋಮಾರಿಗಳಾಗಿರಲಿಲ್ಲ. ಅವರ ದುಡಿಮೆ, ತಾಳ್ಮೆ, ಬೇಸರಪಡದೆ ಸಹಿಸಿದ್ದು ಎಲ್ಲವನ್ನೂ ಪತ್ರ ಮೊದಲು ಹೊಗಳುತ್ತದೆ. ಪ್ರೀತಿ ಹೋದದ್ದು ಅಷ್ಟೆಲ್ಲ ದುಡಿಮೆ ನಡೆದಿರುವಾಗಲೇ. ಮುಂದಿನ ವಚನ ಮೊದಲು ಹೇಳುವುದು ಎಲ್ಲಿಂದ ಬಿದ್ದೆ ಎಂದು ನೆನಪು ಮಾಡಿಕೋ ಅಂತ. ಹಾಗಿದ್ದ ಮೇಲೆ ನಾಲ್ಕನ್ನು ಆರು ಮಾಡಿದರೆ ಏನು ಬಂತು, ಅಲ್ವಾ?

"ನೆನಪ ಮಾಡ್ಕೊಂಡ್ರ..." ಅಂತ ಶುರು ಮಾಡಿದವರು ಒಂದು ಸಂಜೆಯ ಬಗ್ಗೆ ಹೇಳಿದರು. ಪಿಯುಸಿ ಓದುವಾಗ ಕರೆಂಟು ಹೋಗಿತ್ತು, ಕಂದೀಲಿನ ಬೆಳಕಿನಲ್ಲಿ ರೂತಳ ಪುಸ್ತಕವನ್ನು ಒಂದೇ ಉಸಿರಿಗೆ ಓದಿದ್ದರು. ಇರುವುದೇ ನಾಲ್ಕು ಅಧ್ಯಾಯ. ಮುಂದೇನಾಯಿತೋ ಅನ್ನುವ ಕುತೂಹಲಕ್ಕೆ ಓದಿದ್ದು, ಯಾವ ಪಟ್ಟಿಗೂ ಅಲ್ಲ.

ಆಮೇಲೆ ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯದ ಕೊನೆಯನ್ನು ಗಟ್ಟಿಯಾಗಿ ಓದಲು ಹೇಳಿದೆ. ಕುರುಡ ಬಾರ್ತಿಮಾಯನ ಕಥೆ. ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ ಓದಿ ಮುಗಿಸಿದರು. ಯೇಸು ಆತನನ್ನು ಏನು ಕೇಳಿದ? "ನಾನು ನಿನಗೆ ಏನು ಮಾಡಬೇಕು ಅನ್ನುತ್ತೀ ಅಂತ." ಉತ್ತರ ಸರಿ. ಅದೇ ಪ್ರಶ್ನೆ ನಿಮಗೆ ಕೇಳಿದರೆ?

ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಕೇಳಿದ್ದೆರಿ. ಒಮ್ಮೆ ಕೇಳಿದ್ದೆ."

ತಮ್ಮನಿಗೆ ಕಿಡ್ನಿ ಹೋಗಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಉಪವಾಸ ಮಾಡಿದರು, ಇಡೀ ಸಭೆಯನ್ನೇ ಪ್ರಾರ್ಥನೆಗೆ ಕೂರಿಸಿದರು. ನವೆಂಬರ್‌ನಲ್ಲಿ ತಮ್ಮ ತೀರಿಕೊಂಡ. ಮುಂದಿನ ಜನವರಿ ಒಂದನೇ ತಾರೀಖಿನಿಂದ ಈ ಓದು ಶುರು. ಅಲ್ಲಿಂದ ಇಲ್ಲಿಯ ತನಕ ತಮಗಾಗಿ ದೇವರ ಹತ್ತಿರ ಏನನ್ನೂ ಕೇಳಿಲ್ಲ. ಸಿಟ್ಟಾಗಿಯೂ ಇಲ್ಲ. ಸಿಟ್ಟಾಗುವುದು ಪಾಪ ಅಂತ ತಿಳಿದಿದ್ದರು.

ನನ್ನ ಲೆಕ್ಕ ಇಲ್ಲಿಗೆ ಸ್ಪಷ್ಟವಾಯಿತು. ಇವರು ಓದುತ್ತಿದ್ದದ್ದು ದೇವರ ಹತ್ತಿರ ಹೋಗಲಿಕ್ಕಲ್ಲ. ಮಾತುಕತೆಗೆ ಜಾಗವೇ ಉಳಿಯದಂತೆ ಅಧ್ಯಾಯಗಳನ್ನು ತುಂಬುತ್ತಿದ್ದರು. ಮಾತು ಬಿಟ್ಟವರ ನಡುವೆ ಪ್ರೀತಿ ಬೆಳೆಯುವುದಾದರೂ ಹೇಗೆ? ಯೋಹಾನನ ಮೊದಲ ಪತ್ರದಲ್ಲಿ ಇದೆಯಲ್ಲ, ಆತನು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ ಅಂತ. ನಮ್ಮ ಪ್ರೀತಿ ಒಂದು ಉತ್ತರ. ಓದಿದ್ದು ನಮಗೆ ಆಡಿದ ಮಾತಾಗಿ ಕೇಳಿಸಬೇಕು. ನಾವೂ ತಿರುಗಿ ಮಾತಾಡಬೇಕು, ಅದು ಜಗಳವಾದರೂ ಸರಿ.

ಕೊಟ್ಟ ಸಲಹೆ ಇಷ್ಟು. ಪಟ್ಟಿಯನ್ನು ಸದ್ಯಕ್ಕೆ ನಿಲ್ಲಿಸಿ, ಬಾಕಿ ಎಲ್ಲ ಮಾಫಿ. ಆದರೆ ದಿನಾ ಓದುವುದನ್ನು ಬಿಡಬೇಡಿ. ಮನಸ್ಸು ಬಂದಾಗ ಓದುತ್ತೇನೆ ಅಂದವರಿಗೆ ಮನಸ್ಸು ಬರುವುದು ಕಡಿಮೆ, ಅದು ನಾನು ಕಂಡ ಸತ್ಯ. ಬೆಳಗಿನ ಐದು ಗಂಟೆ ಬೇಡ. ಮನೆಯವರು ಡ್ಯೂಟಿಗೆ ಹೋದ ಮೇಲೆ, ಶಾಲೆಗೆ ಹೊರಡುವ ಮುಂಚೆ ಹದಿನೈದು ನಿಮಿಷ ಸಾಕು. ವಾರವಿಡೀ ಒಂದೇ ಭಾಗ, ಬಾಯಿಬಿಟ್ಟು ಓದಬೇಕು. ಓದಿದ ಮೇಲೆ ದೇವರಿಗೆ ಒಂದೇ ಒಂದು ಸಾಲು, ಮನೆಯಲ್ಲಿ ಆಡುವ ಭಾಷೆಯಲ್ಲೇ ಬರೆಯಬೇಕು. ಪ್ರಾರ್ಥನೆಯ ಗ್ರಾಂಥಿಕ ಕನ್ನಡ ಬೇಡ. ಟಿಕ್ ಹಾಕುವ ಹಾಗಿಲ್ಲ. ಕ್ವಿಜ್‌ಗೆ ಬೇಕಾದ ಓದನ್ನು ಬೇರೆ ಹೊತ್ತಿಗೆ, ಬೇರೆ ಪುಸ್ತಕ ಇಟ್ಟುಕೊಂಡು ಮಾಡಬೇಕು.

ಮೊದಲ ವಾರಕ್ಕೆ ಕೊಟ್ಟದ್ದು 13ನೇ ಕೀರ್ತನೆ. ಆರೇ ವಚನ. ಎಲ್ಲಿಯ ತನಕ, ಎಲ್ಲಿಯ ತನಕ ಅಂತ ಮೊದಲೆರಡು ವಚನಗಳಲ್ಲೇ ಕೂಗುತ್ತದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇಂಥ ಗೋಳಿನವೇ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಸಿಟ್ಟು ಪಾಪವಾಗಿದ್ದರೆ ಇವನ್ನು ಬೈಬಲಿನೊಳಗೆ ಇಟ್ಟದ್ದು ಯಾಕೆ? ಈ ಪ್ರಶ್ನೆಯನ್ನು ಅವರ ಕೈಗೇ ಕೊಟ್ಟು ಕಳಿಸಿದೆ.

ಮೂರನೇ ವಾರ ಫೋನ್ ಮಾಡಿ, ಓದುವುದೇ ಆಗುತ್ತಿಲ್ಲ, ಪುಸ್ತಕ ತೆಗೆದರೆ ಅಳು ಬರುತ್ತದೆ ಅಂದರು. ಹಾಗಾದರೆ ತೆಗೆದು, ಅತ್ತು, ಮುಚ್ಚಿಡಿ ಅಂದೆ. ಅದೂ ಓದೇ. ಮುಂದಿನ ಭೇಟಿಯಲ್ಲಿ ನೋಟ್‌ಬುಕ್ ತೋರಿಸಿದರು. ಕೆಂಪು ಪೆನ್ನು ಇರಲಿಲ್ಲ, ಪೆನ್ಸಿಲ್‌ನಲ್ಲಿ ಒಂದು ಸಾಲು: "ನನ್ನ ತಮ್ಮನ್ನ ಯಾಕ ಬಿಡ್ಲಿಲ್ಲ ನೀ?"

ನಡುವೆ ರೂತಳನ್ನು ಓದಿದರು, ಮಗಳೂ ಪಕ್ಕದಲ್ಲಿ ಕೂತು ಕೇಳಿದಳಂತೆ. ಮಾರ್ಕನಲ್ಲಿ ಒಂದೊಂದೇ ಘಟನೆ. ತಿಂಗಳುಗಳಾದ ಮೇಲೆ ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ತಾವಾಗಿಯೇ ತೆಗೆದರು, ಮಾರ್ಥಾ, ಮರಿಯಾ ಇವರ ತಮ್ಮ ಲಾಜರ ಸತ್ತದ್ದು, ಯೇಸು ಆತನನ್ನು ಎಬ್ಬಿಸಿದ್ದು. ಅಲ್ಲಿನ "ಯೇಸು ಕಣ್ಣೀರು ಬಿಟ್ಟನು" ಎಂಬುದನ್ನು ಅತಿ ಚಿಕ್ಕ ವಚನ ಎಂದು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದಾರೆ. ಈ ಸಲ ಕಣ್ಣು ನಿಂತದ್ದು ಬೇರೆ ಕಡೆ. "ಅಕ್ಕಾರ, ನೀ ಇಲ್ಲೇ ಇದ್ದಿದ್ರ ನನ್ನ ತಮ್ಮ ಸಾಯ್ತಿದ್ದಿಲ್ಲ ಅಂತ ಮಾರ್ಥಾನೂ ಅಂತಾಳ, ಮರಿಯಾನೂ ಅಂತಾಳ. ಇಬ್ರೂ ಮಾರಿ ಮ್ಯಾಲೇ ಅಂತಾರ. ಅವ ಬೈಲಿಲ್ಲರಿ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಅವರ ತಮ್ಮ ಎದ್ದ. ನನ್ನ ತಮ್ಮ ಏಳ್ಲಿಲ್ಲ."

ಅದಕ್ಕೆ ನಾನು ಉತ್ತರ ಹೇಳಲಿಲ್ಲ. ಅದನ್ನೇ ಅವತ್ತಿನ ಸಾಲಾಗಿ ಬರೆಯಿರಿ ಅಂದೆ.

ಪ್ರೀತಿ ಬಂತೇ ಅಂತ ನಾನು ಕೇಳಿಲ್ಲ. ಈಗ ಓದಿ ಎದ್ದ ಮೇಲೆ ಮನೆಯವರ ಜೊತೆ ಮಾತಾಡುತ್ತಾರೆ ಅಂತ ಗಂಡ ಹೇಳಿದರು. ಮೊನ್ನೆ ಸುಶೀಲಾ, ಹೊಸ ವರ್ಷಕ್ಕೆ ಹಳೇ ಪಟ್ಟಿ ಮತ್ತೆ ಹಿಡಿಯಲೇ ಅಂತ ಕೇಳಿದರು. ಮೆಕ್‌ಶೇನನ ಪಟ್ಟಿಯಲ್ಲಿ ಎರಡು ಅಧ್ಯಾಯ ಒಬ್ಬರೇ ಓದಲು, ಎರಡು ಕುಟುಂಬದವರೆಲ್ಲ ಸೇರಿ ಓದಲು. ಒಬ್ಬರೇ ಓದುವುದನ್ನು ಈಗಿರುವ ಹಾಗೇ ಇಟ್ಟುಕೊಳ್ಳಿ ಅಂದೆ. ಕುಟುಂಬದ ಪಾಲಿನಲ್ಲಿ ಒಂದನ್ನು ರಾತ್ರಿ ಊಟವಾದ ಮೇಲೆ ಮೂವರೂ ಸೇರಿ ಓದಿ, ಓದುವ ಸರದಿ ಗಂಡನದ್ದೂ ಇರಲಿ. ಅವರಿಗೆ ರಾತ್ರಿ ಡ್ಯೂಟಿ ಇದ್ದ ದಿನ ಬಿಟ್ಟುಬಿಡಿ, ಶನಿವಾರ ತೀರಿಸುವುದು ಬೇಡ.