ಜಾಮೀನಿಗೆ ಸಹಿ ಹಾಕಲಾ, ಬೇಡವಾ? – ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಟೀಚರ್, ನಮಸ್ಕಾರ. ನನ್ನ ಮೈದುನ ಪಿಕಪ್ ಗಾಡಿ ತಗೊಳ್ಳೋಕೆ 8 ಲಕ್ಷ ಸಾಲ ಮಾಡ್ತಿದ್ದಾನೆ. ಜಾಮೀನಿಗೆ ನಮ್ಮನ್ನೇ ಕೇಳ್ತಿದ್ದಾನೆ. ನಮಗಿರೋದು ಒಂದೂವರೆ ಎಕರೆ ಕಾಫಿ, ಮಗಳ ನರ್ಸಿಂಗ್ ಫೀಸ್ ಬೇರೆ ಇದೆ. ನಮ್ಮವರು "ಸ್ವಂತ ತಮ್ಮನಿಗೆ ಇಲ್ಲ ಅನ್ನೋಕಾಗುತ್ತಾ, ನಾವು ಕ್ರೈಸ್ತರಲ್ವಾ" ಅಂತಾರೆ. ಎರಡು ತಿಂಗಳಿಂದ ಜ್ಞಾನ ಕೊಡು ಅಂತ ದೇವರನ್ನ ಕೇಳ್ತಿದ್ದೀನಿ. ಏನೂ ಹೊಳೀತಿಲ್ಲ. ಜ್ಞಾನ ಅಂದ್ರೆ ಏನು? ಬಂತು ಅಂತ ಗೊತ್ತಾಗೋದು ಹೇಗೆ?
– ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ಕೇಳುವುದನ್ನು ಬಿಡಬೇಡಿ ಅಮ್ಮ. ಜ್ಞಾನ ಕಡಿಮೆ ಇದ್ದವರು ದೇವರನ್ನು ಕೇಳಲಿ, ಆತ ಹಂಗಿಸದೆ ಕೊಡುತ್ತಾನೆ ಎಂದು ಬೈಬಲಿನ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದಲ್ಲಿದೆ. ಆ "ಹಂಗಿಸದೆ" ಅನ್ನುವ ಪದ ನನಗೆ ತುಂಬಾ ಇಷ್ಟ. ಮನುಷ್ಯರ ಹತ್ತಿರ ಕೇಳಿದರೆ ಎಂದಾದರೂ ಒಂದು ದಿನ ಎತ್ತಿ ಆಡುತ್ತಾರೆ. ದೇವರ ಹತ್ತಿರ ಆ ಭಯ ಇಲ್ಲ.

ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಆಗಲೇ ನಿಮ್ಮ ಮನೆಯಲ್ಲಿದೆ. ಇವತ್ತು ರಾತ್ರಿ ಪ್ರಾರ್ಥನೆ ಹೊತ್ತಿಗೆ ಜ್ಞಾನೋಕ್ತಿಗಳು 6ನೇ ಅಧ್ಯಾಯದ ಮೊದಲ ಐದು ವಚನ ನಿಮ್ಮವರ ಕೈಯಲ್ಲೇ ಓದಿಸಿ. ಇನ್ನೊಬ್ಬರಿಗೆ ಹೊಣೆ ನಿಂತಿದ್ದರೆ ಕಣ್ಣಿಗೆ ನಿದ್ದೆ ಕೊಡಬೇಡ, ಹೋಗಿ ಬೇಡಿಕೋ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಹಾಗೆ ತಪ್ಪಿಸಿಕೋ ಅನ್ನುತ್ತದೆ. 22ನೇ ಅಧ್ಯಾಯದಲ್ಲಿ ಇನ್ನೂ ನೇರವಾಗಿ, ಕೊಡುವುದಕ್ಕೆ ನಿನ್ನಲ್ಲಿ ಇಲ್ಲದಿದ್ದರೆ ನೀನು ಮಲಗುವ ಹಾಸಿಗೆಯನ್ನೇ ಎತ್ತಿಕೊಂಡು ಹೋಗುತ್ತಾರೆ ಎಂದಿದೆ. ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1872ರ ಕರಾರು ಕಾಯ್ದೆ ಪ್ರಕಾರ ಸಾಲ ತಗೊಂಡವರಿಗೆ ಎಷ್ಟು ಹೊಣೆಯೋ ಜಾಮೀನುದಾರರಿಗೂ ಸಾಮಾನ್ಯವಾಗಿ ಅಷ್ಟೇ ಹೊಣೆ. ಬ್ಯಾಂಕಿನವರು ಮೊದಲು ನಿಮ್ಮ ಮೈದುನನ ಗಾಡಿ ಜಪ್ತಿ ಮಾಡಿ, ಸಾಲದಿದ್ದರೆ ಮಾತ್ರ ನಿಮ್ಮ ಹತ್ತಿರ ಬರುತ್ತಾರೆ ಅಂದುಕೊಳ್ಳಬೇಡಿ. ನೇರವಾಗಿ ನಿಮ್ಮ ಬಾಗಿಲಿಗೇ ಬರಬಹುದು.

ನಮ್ಮ ತಂದೆ ಸ್ನೇಹಿತರೊಬ್ಬರಿಗೆ ಹೀಗೆ ಸಹಿ ಹಾಕಿದ್ದರು. ಅವರು ಕಂತು ಕಟ್ಟಲಿಲ್ಲ. ನೋಟಿಸ್ ಬಂದ ದಿನ ಅಮ್ಮ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಅಪ್ಪ ಬಾಗಿಲಲ್ಲಿ ನಿಂತು ಕಾಗದ ಓದಿದರು, ಮತ್ತೊಂದು ಸಲ ಓದಿದರು, ಅಷ್ಟರಲ್ಲಿ ಕಾವಲಿ ಮೇಲಿನ ರೊಟ್ಟಿ ಸೀದು ಮನೆಯೆಲ್ಲಾ ಹೊಗೆ ತುಂಬಿತು, ಯಾರೂ ಅದನ್ನು ತೆಗೆಯಲಿಲ್ಲ. ಎರಡು ಹಸು ಹೋದವು, ಅಮ್ಮನ ಸರ ಹೋಯಿತು. ಆ ಸ್ನೇಹವೂ ಉಳಿಯಲಿಲ್ಲ.

ಇನ್ನು ಜ್ಞಾನ ಅಂದರೆ ಏನು ಅಂತ ಕೇಳಿದ್ದೀರಿ. ಹೀಬ್ರೂ ಭಾಷೆಯಲ್ಲಿ ಅದಕ್ಕೆ ಹೊಖ್ಮಾ ಅನ್ನುತ್ತಾರೆ. ವಿಮೋಚನಕಾಂಡದಲ್ಲಿ ದೇವರು ಬೆಚಲೇಲ ಅನ್ನುವವನಿಗೆ ತನ್ನ ಆತ್ಮವನ್ನೂ ಈ ಹೊಖ್ಮಾವನ್ನೂ ಕೊಡುತ್ತಾನೆ. ಯಾತಕ್ಕೆ? ಚಿನ್ನ ಬೆಳ್ಳಿಯ ಕೆಲಸ ಮಾಡೋಕೆ, ಕಲ್ಲು ಕೂರಿಸೋಕೆ, ಮರ ಕೆತ್ತೋಕೆ. ಆಡಿನ ಕೂದಲು ನೂತ ಹೆಂಗಸರಿಗೂ ಅದೇ ಮಾತು ಬಳಸಿದ್ದಾರೆ. ಅಂದರೆ ಅದು ಕೈಯಲ್ಲೂ ಇರುತ್ತದೆ.

ನಿಮ್ಮ ತೋಟದಲ್ಲಿ ಮರಗಸಿ ಮಾಡುವವರನ್ನು, ನೆರಳಿನ ಮರದ ಕೊಂಬೆ ಸವರುವವರನ್ನು ನೋಡಿದ್ದೀರಲ್ಲ. ಮರ ಹತ್ತಿದ ಕೂಡಲೇ ಕತ್ತಿ ಬೀಸುವುದಿಲ್ಲ. ಒಂದು ಸಲ ಕೆಳಗಿನ ಕಾಫಿ ಗಿಡ ನೋಡುತ್ತಾರೆ, ಒಂದು ಸಲ ಬಿಸಿಲು ಬರುವ ದಿಕ್ಕು ನೋಡುತ್ತಾರೆ, ಆಮೇಲೆ ಕೊಂಬೆಗೆ ಕೈ ಹಾಕುತ್ತಾರೆ. ಜಾಸ್ತಿ ಕಡಿದರೆ ಬೇಸಿಗೆಯಲ್ಲಿ ಗಿಡ ಒಣಗುತ್ತದೆ, ಕಡಿಮೆ ಕಡಿದರೆ ಮಳೆಗಾಲದಲ್ಲಿ ಕೊಳೆರೋಗ. ಆ ಮರಕ್ಕೆ ಎಷ್ಟು ಅನ್ನುವುದು ಆ ಮರ ನೋಡಿದವರಿಗೇ ಗೊತ್ತು. ನಿಮ್ಮ ಮನೆಯ ವಿಷಯದಲ್ಲೂ ಹಾಗೇ. ಮೈದುನನನ್ನು ಊಟಕ್ಕೆ ಕರೆಯಿರಿ. ಕಂತು ಎಷ್ಟು, ಗಾಡಿಗೆ ತಿಂಗಳಿಗೆ ಎಷ್ಟು ಬಾಡಿಗೆ ಸಿಗಬಹುದು, ಬೇರೆ ಸಾಲ ಇದೆಯಾ ಅಂತ ಕೇಳಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಎಂದು ಯೇಸುವೇ ಹೇಳಿದ್ದು, ಲೂಕನ ಸುವಾರ್ತೆಯಲ್ಲಿದೆ. ಲೆಕ್ಕ ಕೇಳಿದರೆ ನಂಬಿಕೆ ಕಡಿಮೆ ಆಯಿತು ಅಂತ ಅಲ್ಲ.

ನಿಮ್ಮವರು "ಕೇಳುವವನಿಗೆ ಕೊಡು" ಅನ್ನುವ ವಚನ ಎತ್ತಬಹುದು. ಅದು ನಿಜವಾದ ಮಾತು, ತಳ್ಳಿಹಾಕಬೇಡಿ. ಆದರೆ ಇರುವುದನ್ನು ಕೊಡುವುದು ಬೇರೆ, ಇಲ್ಲದ 8 ಲಕ್ಷಕ್ಕೆ ಮಾತು ಕೊಡುವುದು ಬೇರೆ. ಮುಂಗಡಕ್ಕೆ 20 ಸಾವಿರ ಕೊಡೋಕಾದರೆ ಕೊಡಿ, ವಾಪಸ್ ಬರುತ್ತದೆ ಅಂತ ಕಾಯಬೇಡಿ. ಸಹಿ ಹಾಕಬೇಡಿ. ನನ್ನ ಅಭಿಪ್ರಾಯ ಕೇಳಿದರೆ ಇಷ್ಟೇ. ಇಲ್ಲ ಅನ್ನುವುದನ್ನು ನಿಮ್ಮವರೇ ಹೇಳಲಿ, ಮುಖ ನೋಡಿ ಹೇಳಲಿ, ಫೋನಿನಲ್ಲಿ ಬೇಡ. ಮೇಲಿನಿಂದ ಬರುವ ಜ್ಞಾನ ಸಮಾಧಾನದ್ದು, ಸೌಮ್ಯವಾದದ್ದು ಎಂದು ಅದೇ ಯಾಕೋಬನ 3ನೇ ಅಧ್ಯಾಯ ಹೇಳುತ್ತದೆ. ಜ್ಞಾನ ಬಂತಾ ಅಂತ ಅಲ್ಲಿ ಗೊತ್ತಾಗುತ್ತದೆ, ನೀವು ಇಲ್ಲ ಅಂದ ರೀತಿಯಲ್ಲಿ.

ಪ್ರಶ್ನೆ: ಸೊಲೊಮೋನನಿಗೆ ದೇವರೇ ಜ್ಞಾನ ಕೊಟ್ಟದ್ದು. ಆದರೂ ಕೊನೆಗೆ ಯಾಕೆ ದಾರಿ ತಪ್ಪಿದ?
– ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಒಳ್ಳೇ ಪ್ರಶ್ನೆ ಕಣಪ್ಪ. ಇಸ್ರಾಯೇಲಿನ ರಾಜನಾದ ಹೊಸದರಲ್ಲಿ, ಗಿಬ್ಯೋನ್ ಅನ್ನುವ ಊರಲ್ಲಿ ದೇವರು ಏನು ಬೇಕು ಅಂದಾಗ ಅವನು ಬೇಡಿದ್ದು, ಹೀಬ್ರೂ ಪದ ನೋಡಿದರೆ, "ಕೇಳಿಸಿಕೊಳ್ಳುವ ಹೃದಯ". ಒಂದು ಮಗುವಿಗಾಗಿ ಜಗಳವಾಡಿದ ಇಬ್ಬರು ತಾಯಂದಿರ ಮಾತನ್ನು ಅವನು ಎಷ್ಟು ಗಮನ ಕೊಟ್ಟು ಕೇಳಿದ ನೋಡು. ಆಮೇಲೆ 700 ಹೆಂಡತಿಯರು, 300 ಉಪಪತ್ನಿಯರು. ದೇವರು ಎರಡು ಸಲ ಕಾಣಿಸಿಕೊಂಡು ಎಚ್ಚರಿಸಿದರೂ ಕೇಳಲಿಲ್ಲ. ಅವನ ಮಗ ರೆಹಬ್ಬಾಮ ಹಿರಿಯರ ಬುದ್ಧಿಮಾತು ಬಿಟ್ಟು ಗೆಳೆಯರ ಮಾತು ಹಿಡಿದ, ರಾಜ್ಯ ಎರಡು ಹೋಳಾಯಿತು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಮನ್ನ ಅನ್ನುವ ಆಹಾರ ಕೊಟ್ಟಾಗ, ಮಾರನೇ ದಿನಕ್ಕೆ ಎತ್ತಿಟ್ಟದ್ದು ಹುಳ ಬಿದ್ದು ನಾರಿತಲ್ಲ, ಜ್ಞಾನವೂ ನನಗೆ ಹಾಗೇ ಕಾಣುತ್ತದೆ. ನಿನ್ನೆ ಕೇಳಿದ್ದು ಇವತ್ತಿಗೆ ಸಾಲಲ್ಲ.

ಪ್ರಶ್ನೆ: "ಯೆಹೋವನ ಭಯವೇ ಜ್ಞಾನಕ್ಕೆ ಮೂಲ" ಅಂತಾರೆ. ದೇವರಿಗೆ ಹೆದರಬೇಕಾ?
– ಓದುಗರು, ಆಲೂರು

ಉತ್ತರ: ನಾವು ಭಯ, ಭಕ್ತಿ ಎರಡನ್ನೂ ಸೇರಿಸಿ ಭಯಭಕ್ತಿ ಅಂತ ಒಂದೇ ಉಸಿರಲ್ಲಿ ಹೇಳುತ್ತೇವಲ್ಲ, ಅದೇ ಇದು. ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಈಗ ಗೊರೂರು ಅಣೆಕಟ್ಟಿನ ಹಿನ್ನೀರಲ್ಲಿದೆ. ಒಂದು ಮಳೆಗಾಲದಲ್ಲಿ ಸಂಡೇ ಸ್ಕೂಲ್ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ತೆಪ್ಪದ ಅಜ್ಜ ನೀರನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವರ ಅನ್ನ ಆ ನೀರಿನಿಂದಲೇ. ಸ್ವಲ್ಪ ಹೊತ್ತು ಗಾಳಿ ನೋಡಿ, ಹುಟ್ಟನ್ನು ದಡಕ್ಕೆ ಎಳೆದಿಟ್ಟು, "ಇವತ್ತು ಬೇಡ ಟೀಚರ್, ಮಕ್ಕಳಿದ್ದಾರೆ" ಅಂದರು. ಆ ದಿನದ ಬಾಡಿಗೆ ಅವರು ಬಿಟ್ಟರು. ನಾವು ದಡದಲ್ಲೇ ಕೂತು ಚಿತ್ರಾನ್ನ ತಿಂದು ವಾಪಸ್ ಬಂದೆವು.