ತಾತ್ಕಾಲಿಕ ಸಿಂಕ್‌ಗೂ ಗಾಳಿಕೊಳವೆ ಬೇಕೆ?

ಪ್ರಶ್ನೆ: ಅಮೆರಿಕದ ನಮ್ಮ ಮನೆಯಲ್ಲಿ ಅಡುಗೆಮನೆಯ ದುರಸ್ತಿ ಮುಗಿಯುವವರೆಗೆಂದು ನೆಲಮಾಳಿಗೆಯಲ್ಲಿ ಸಿಂಕ್ ಕೂರಿಸಿದ್ದೇವೆ. ನೀರು ಗೊಳಗೊಳನೆ ಇಳಿದ ಮೇಲೆ ದುರ್ವಾಸನೆ ಬರುತ್ತದೆ. ಇದಕ್ಕೂ ಗಾಳಿಕೊಳವೆ (ನೀರು ಹೋಗುವ ಕೊಳವೆಗೆ ಹೊರಗಿನ ಗಾಳಿ ಒದಗಿಸುವ ಕೊಳವೆ) ಬೇಕೆ?

ಉತ್ತರ: ಖಂಡಿತ ಬೇಕು. ಸಿಂಕಿನ ಕೆಳಗಿನ ಬಾಗಿದ ಕೊಳವೆಯಲ್ಲಿ, ಅಂದರೆ ಟ್ರ್ಯಾಪ್‌ನಲ್ಲಿ, ನಿಂತಿರುವ ಬೊಗಸೆ ನೀರೇ ಚರಂಡಿಯ ಅನಿಲವನ್ನು ತಡೆಯುವ ಬಾಗಿಲು. ಕೊಳವೆಗೆ ಗಾಳಿ ಸಿಗದಿದ್ದರೆ ಇಳಿಯುವ ನೀರು ಟ್ರ್ಯಾಪ್‌ನಲ್ಲಿ ನಿಂತ ನೀರನ್ನೂ ಎಳೆದುಕೊಂಡು ಹೋಗುತ್ತದೆ, ನಿಮಗೆ ಕೇಳಿಸುವ ಸದ್ದು ಅದರದೇ. ಛಾವಣಿಯವರೆಗೆ ಕೊಳವೆ ಒಯ್ಯುವುದು ಕಷ್ಟವಾದಲ್ಲಿ, ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ಏರ್ ಅಡ್ಮಿಟೆನ್ಸ್ ವಾಲ್ವ್ ಅನ್ನು ಟ್ರ್ಯಾಪ್‌ನ ನಂತರ, ಅಡ್ಡಕೊಳವೆಗಿಂತ ಕನಿಷ್ಠ 4 ಇಂಚು ಎತ್ತರದಲ್ಲಿ, ನೆಟ್ಟಗೆ, ಕೈಗೆಟಕುವಂತೆ ಕೂರಿಸಬಹುದು. ಎಲ್ಲ ಊರುಗಳ ನಿಯಮವೂ ಇದನ್ನು ಒಪ್ಪುವುದಿಲ್ಲವಾದ್ದರಿಂದ ಸ್ಥಳೀಯ ಕಟ್ಟಡ ಇಲಾಖೆಯನ್ನು ಮೊದಲು ವಿಚಾರಿಸಿ. ಅಲ್ಲಿಯವರೆಗೆ, ತೊಳೆದಾದ ಮೇಲೆ ಎರಡು ಲೋಟ ನೀರನ್ನು ನಿಧಾನವಾಗಿ ಸುರಿದರೆ ಟ್ರ್ಯಾಪ್ ಮತ್ತೆ ತುಂಬಿಕೊಳ್ಳುತ್ತದೆ.