ಆಯಿ ಕಾಲು ಮುಚ್ಚಿಕೊಂಡಿದ್ದರು

ಕುಮಟಾ ಕಡೆಯವರು, ಐವತ್ತು ದಾಟಿದವರು. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಸ್ತನ ಕ್ಯಾನ್ಸರಿಗೆ ಮೂರು ವಾರಕ್ಕೊಮ್ಮೆ ಡೋಸೆಟ್ಯಾಕ್ಸೆಲ್ ಅನ್ನೋ ಔಷಧಿಯ ಕೀಮೋ ನಡೆದಿತ್ತು. "ಆಯಿ ಮಾತೇ ಆಡ್ತಿಲ್ಲ, ಊಟಕ್ಕೆ ಕೆಳಗೆ ಕೂರಲ್ಲ, ಮನಸ್ಸಿಗೆ ಏನೋ ಆಗಿದೆ" ಅಂತ ಮಗಳು ನನ್ನ ಹತ್ತಿರ ಮಾತಾಡಿಸೋಕೆ ಕರೆತಂದಿದ್ದಳು.

ಆಗಿದ್ದು ಕಾಲಿಗೆ. ಮಗಳು ಹೊರಗೆ ಹೋದ ಮೇಲೆ ಸೀರೆ ತುಸು ಎತ್ತಿ ತೋರಿಸಿದರು. ಮೊಣಕಾಲ ಕೆಳಗೆ ಚರ್ಮ ಬಿಗಿದು ಹೊಳೆಯುತ್ತಿತ್ತು, ಮುಟ್ಟಿದರೆ ಒಣಗಿದ ಅಡಿಕೆ ಹಾಳೆ. ಮೊದಲು ಬಾವು ಬಂತಂತೆ, ಆಮೇಲೆ ಗಟ್ಟಿಯಾಯಿತಂತೆ. ರೋಗ ಕಾಲಿಗೂ ಇಳಿದಿದೆ ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದರು. ಹೇಳಿದರೆ ಕೀಮೋ ನಿಲ್ಲಿಸ್ತಾರೆ, ನಿಲ್ಲಿಸಿದರೆ ಮುಗೀತು, ಸಾಲ ಮಾಡಿದ ಮಗನಿಗೆ ಏನು ಹೇಳೋದು ಅಂತ ಎರಡು ತಿಂಗಳಿಂದ ಒಳಗೇ ಕುದಿಯುತ್ತಿದ್ದರು. ದಿನಾ ಹಂಡೆಯ ಸುಡುನೀರು ಹೊಯ್ದುಕೊಂಡು, ಎಣ್ಣೆ ಹಚ್ಚಿ ಗಸಗಸ ತಿಕ್ಕುತ್ತಿದ್ದರು.

ನಾನು ಡಾಕ್ಟರಲ್ಲ, ಅದನ್ನೇ ಮೊದಲು ಹೇಳಿದೆ. ಆದರೆ ಈ ಜಾತಿಯ ಔಷಧಿಯಿಂದ ಮೈಯಲ್ಲಿ ನೀರು ನಿಂತು, ಆಮೇಲೆ ಚರ್ಮ ಗಟ್ಟಿಯಾಗೋದು ಅಪರೂಪಕ್ಕೆ ಉಂಟು, ಗಟ್ಟಿಯಾದ ಮಾತ್ರಕ್ಕೆ ರೋಗ ಹರಡಿದೆ ಅಂತಲ್ಲ ಅಂದೆ. ಮಾತ್ರೆಗಳ ಬಗ್ಗೆ ಕೇಳಿದಾಗ ಇನ್ನೊಂದು ವಿಷಯ ಹೊರಬಿತ್ತು. ಕೀಮೋದ ಹಿಂದಿನ ದಿನದಿಂದ ಮೂರು ದಿನ ತಗೊಳ್ಳೋ ಡೆಕ್ಸಾಮೆಥಾಸೋನ್ ಮಾತ್ರೆ ನಿದ್ದೆಗೆಡಿಸುತ್ತೆ ಅಂತ ಬಿಟ್ಟಿದ್ದರು. ನೀರು ನಿಲ್ಲೋದನ್ನು ಕಡಿಮೆ ಮಾಡೋದೇ ಅದರ ಒಂದು ಕೆಲಸ. ಬೈಯಲಿಲ್ಲ. ನಿದ್ದೆಯಿಲ್ಲದ ರಾತ್ರಿ ಎಷ್ಟು ಉದ್ದ ಅಂತ ಗೊತ್ತಿದ್ದವರು ಬೈಯಲ್ಲ.

ಹೇಳಿದ್ದು ಇಷ್ಟು: ಮುಂದಿನ ಡೋಸಿಗೆ ಕಾಯದೆ ಈ ವಾರವೇ ಡಾಕ್ಟರಿಗೆ ಕಾಲು ತೋರಿಸಿ, ಮಾತ್ರೆ ಬಿಟ್ಟದ್ದನ್ನೂ ಹೇಳಿ. ಸುಡುನೀರು, ತಿಕ್ಕೋದು ಎರಡೂ ಬಂದ್. ಮಲಗುವಾಗ ಕಾಲಡಿ ದಿಂಬು, ಮೆತ್ತನೆ ಸಡಿಲ ಚಪ್ಪಲಿ. ಒಂದೇ ಕಾಲು ದಿಢೀರ್ ಊದಿ ನೋವು ಬಂದರೆ, ಉಸಿರು ಕಟ್ಟಿದರೆ, ಜ್ವರ ಬಂದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಔಷಧಿ ಬದಲಿಸಿದರೆ ಸೋತಂತಲ್ಲ, ಬೇರೆ ಔಷಧಿಗಳೂ ಇರುತ್ತವೆ.

ಮಗಳನ್ನು ಒಳಗೆ ಕರೆಯಲು ಒಪ್ಪಿಸೋದೇ ಕಷ್ಟವಾಯಿತು. ಕಾಲು ನೋಡಿ ಅವಳು ಅಳಲಿಲ್ಲ, "ಇದಕ್ಕಾ ಆಯಿ ಇಷ್ಟು ದಿನ?" ಅಂತ ರೇಗಿದಳು. ಅವರು ನಕ್ಕಿದ್ದು ಆಗಲೇ.

ಡಾಕ್ಟರು ಮೊದಲು ರಕ್ತ ಹೆಪ್ಪುಗಟ್ಟಿಲ್ಲ ಅಂತ ಸ್ಕ್ಯಾನ್ ಮಾಡಿ ನೋಡಿ, ಆಮೇಲೆ ಔಷಧಿ ಬದಲಿಸಿದರಂತೆ. ಐದಾರು ತಿಂಗಳ ಮೇಲೆ ಫೋನ್ ಬಂತು. ಚರ್ಮ ಪೂರ್ತಿ ಮೆತ್ತಗಾಗಿಲ್ಲ, ಮಣೆ ಮೇಲೆ ಕೂತು ಉಣ್ಣೋಕೆ ಆಗುತ್ತಿದೆ.